ಮಂಗಳವಾರದ ಒಪ್ಪಿಗೆ

ತಾನು ಚಿಮುಕಿಸಿದ್ದು ಮೂರೇ ಹನಿ ತೀರ್ಥ ಎಂದು ಕೆಂಪಾಜಮ್ಮ ಕೊನೆಯವರೆಗೂ ವಾದಿಸಿದಳು. ಆದರೆ ಬುಧವಾರ ಬೆಳಿಗ್ಗೆ ನಂಜನಗೂಡಿನ ವಧೂವರ ಕೇಂದ್ರದ ಸರ್ವರ್ ಕಂಪ್ಯೂಟರು ಒಮ್ಮೆ ಸೀನಿ, ಸೀದ ಒಬ್ಬಟ್ಟಿನ ವಾಸನೆ ಬಿಟ್ಟು ಕಣ್ಣು ಮುಚ್ಚಿತು.

"ಮದ್ವೆ ಕೂಡ್ಸೋ ಮಿಸನ್ನಲ್ವಾ ಸಾ, ಒಳ್ಳೇದಾಗ್ಲಿ ಅಂತ ಆಕ್ದೆ," ಎಂದಳು, ಕಸಪೊರಕೆ ಹಿಡಿದುಕೊಂಡೇ.

ಅಮೃತೇಶನಿಗೆ ಜೀವ ಹೋದಂತಾಯಿತು. ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವನು ಅವನೇ. ಮೂವತ್ತಾರು ತುಂಬಿ, ಹನ್ನೊಂದು ಕಡೆ ಬೇಡವೆನಿಸಿಕೊಂಡ ವರನೂ ಅವನೇ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಅರ್ಪಿತ ಎಂಬ ಹುಡುಗಿ ಅವನ ಹೆಸರಿನೆದುರು 'ಒಪ್ಪಿಗೆ' ಒತ್ತಿದ್ದಳು. ಕಂಡವನು ಅವನೊಬ್ಬನೇ.

ಮ್ಯಾನೇಜರ್ ಗುರುಪ್ರಸಾದ್ ನಂಬಲಿಲ್ಲ. "ಆಪರೇಟರೂ ನೀನೇ, ವರಾನೂ ನೀನೇ. ಬಾಯಿಮಾತು ನಂಬಿ ಹೆಣ್ಣಿನ ಮನೆಗೆ ಹೋಗಿ ಒದೆ ತಿನ್ಲೇನಯ್ಯಾ?"

"ಫೋನ್ ಮಾಡಿ ಕೇಳಿ ಸಾರ್."

"ದಾಖಲೆ ಕಳ್ಕೊಂಡಿದೀವಿ ಅಂತ ಊರಿಗೆಲ್ಲಾ ಸಾರಲಾ? ಸಂಜೆ ಆರರೊಳಗೆ ಪ್ರಿಂಟ್ ತೋರ್ಸು, ನಾನೇ ಹೋಗಿ ಮಾತಾಡ್ತೀನಿ."

ಅಮೃತೇಶ್ ಮೂಲೆಯ ಹಳೇ ಕಂಪ್ಯೂಟರಿಗೆ ಭಾನುವಾರದ ಬ್ಯಾಕಪ್ ಏರಿಸಿದ. ಭಾನುವಾರದ ಮಟ್ಟಿಗೆ ಅವನು ಯಾರಿಗೂ ಬೇಡ. ಆಮೇಲಿನ ಒಂದೊಂದು ಬದಲಾವಣೆಯೂ ಲಾಗ್ ಕಡತಗಳಲ್ಲಿ ಸಾಲಾಗಿರುತ್ತಿತ್ತು. ಅವನ್ನು ಬ್ಯಾಕಪ್ಪಿನ ಮೇಲೆ ಓಡಿಸಿದರೆ ಕಳೆದದ್ದೆಲ್ಲ ವಾಪಸ್. ಸಹೋದ್ಯೋಗಿ ಶ್ವೇತ ದಿನಾ ಸಂಜೆ ಆರಕ್ಕೆ ಲಾಗ್‌ಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ತಿ. ನರಸೀಪುರದ ತನ್ನ ಮನೆಗೆ ಒಯ್ಯುತ್ತಿದ್ದಳು. ಕಪಿಲೆ ಉಕ್ಕಿ ನಂಜನಗೂಡು ಮುಳುಗಿದರೂ ಒಂದು ಪ್ರತಿ ಉಳಿಯಲೆಂದು ಗುರುಪ್ರಸಾದ್ ಮಾಡಿದ ಏರ್ಪಾಟು. ಅದೇ ಕಪಿಲೆ ಮುಂದೆ ಹರಿದು ಸೇರುವುದು ನರಸೀಪುರಕ್ಕೇ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಂದು ಶ್ವೇತಳಿಗೆ ರಜೆ. ಅಮೃತೇಶ್ ಬಸ್ಸು ಹತ್ತಿದ.

ಬಾಗಿಲು ತೆರೆದದ್ದು ಅವಳ ತಾಯಿ ಸಣ್ಣತಾಯಮ್ಮ. "ಮಗ್ಳು ಮುಡುಕುತೊರೆಗೆ ಓಗವ್ಳೆ ಕಣಪ್ಪ. ಒಬ್ನೇ ಬಂದ್ಯಾ? ಎಂಡ್ತಿ?"

"ಅದೇ ಕೆಲ್ಸಕ್ಕೇ ಬಂದಿದೀನಿ ಅಮ್ಮ. ಪೆನ್‌ಡ್ರೈವ್ ಕೊಡಿ."

"ಉಂಡ್ಕಂಡು ಓಗು. ಮಕ ನೋಡು, ಒಣಗಿದ ಬದನೇಕಾಯಿ!"

ಎರಡು ಮುದ್ದೆ ಇಳಿದ ಮೇಲೆ ಆಕೆ ಫ್ರಿಜ್ಜಿನ ಕರಿಬೇವಿನ ಡಬ್ಬಿಯಿಂದ ಪೆನ್‌ಡ್ರೈವ್ ತೆಗೆದಳು. "ತಣ್ಗಿರೋ ಜಾಗ್ದಲ್ಲಿಡು ಅಂದಿದ್ಳು ಮಗ್ಳು."

ಕಾವಿಗೆ ಕೂತ ಕೋಳಿಯಂತೆ ಅದನ್ನು ಎದೆಗವುಚಿಕೊಂಡು ಅವನು ವಾಪಸಾದಾಗ ಐದೂವರೆ. ಒರೆಸಿ ಚುಚ್ಚಿದ. ಬಂತು! ಗುರುಪ್ರಸಾದ್, ಕೆಂಪಾಜಮ್ಮ ಇಬ್ಬರೂ ಅವನ ಬೆನ್ನ ಹಿಂದೆ ಬಂದು ನಿಂತರು. ಸೋಮವಾರ ಓಡಿತು. ಮಂಗಳವಾರ ಬೆಳಗು ಓಡಿತು. ಮೂರು ಗಂಟೆ: 'ಅರ್ಪಿತ – ಅಮೃತೇಶ್ – ಒಪ್ಪಿಗೆ.'

"ನೋಡಿ ಸಾರ್!"

"ಅಯ್, ನನ್ ತೀರ್ತ!" ಎಂದು ಕೆಂಪಾಜಮ್ಮ ಚಪ್ಪಾಳೆ ತಟ್ಟಿದಳು. ಗುರುಪ್ರಸಾದ್ ಕೈ ಕುಲುಕಿ, ಹೊರಡಲು ಕಾರಿನ ಕೀ ತೆಗೆದರು.

ಲಾಗ್ ಮಾತ್ರ ನಿಲ್ಲಲಿಲ್ಲ. ನಾಲ್ಕಾಯಿತು. ಐದಾಯಿತು. ಐದೂ ಐವತ್ತಕ್ಕೆ ಇನ್ನೊಂದು ಸಾಲು ಮೂಡಿತು: 'ಅರ್ಪಿತ – ಅಮೃತೇಶ್ – ಒಪ್ಪಿಗೆ ರದ್ದು. ಕಾರಣ: ವರ ಈಗಷ್ಟೇ ಫೋನ್ ಮಾಡಿದ್ದರು. ಮುಕ್ಕಾಲು ಗಂಟೆ ಬರೀ ಬ್ಯಾಕಪ್ ವಿಷಯವೇ ಮಾತಾಡಿದರು.'

ಗುರುಪ್ರಸಾದ್ ಕೀಯನ್ನು ಜೇಬಿಗಿಳಿಸಿ, ಅವನ ಬೆನ್ನು ತಟ್ಟಿದರು.

"ಒಂದಕ್ಷರಾನೂ ಕಳ್ದಿಲ್ಲ ಕಣಯ್ಯ. ಭಾರೀ ಕೆಲ್ಸ ಮಾಡ್ಬಿಟ್ಟೆ!"