ಮಾವನ ಗಾಜಿನ ಕೋಣೆಯ ಸಂದು

ನನ್ನ ಸೋದರಮಾವ ಎರಡು ವರ್ಷ ಕತ್ತು ಮೇಲೆತ್ತಿಕೊಂಡೇ ಬದುಕಿದ. ನೋಡಿದವರು ಭಕ್ತಿ ಎಂದುಕೊಂಡರು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಅವನು ನೋಡುತ್ತಿದ್ದದ್ದು ಮನೆಯ ಮಾಳಿಗೆಗೂ ಗಾಜಿನ ಕೋಣೆಗೂ ನಡುವೆ ಇದ್ದ ಒಂದು ಸಂದನ್ನು. ಅದೇ ಸುಮಾರಿಗೆ ನಮ್ಮ ಆದವಾನಿ ಮದರಾಸನ್ನು ಬಿಟ್ಟು ಆಂಧ್ರಕ್ಕೆ ಸೇರಿತು. ಊರೆಲ್ಲ ಅದೇ ಮಾತು. ಮಾವನಿಗೆ ಯಾರೋ ಹೇಳಿದ ಮೇಲೆ ಗೊತ್ತಾಯಿತು.

ಆದವಾನಿಯಲ್ಲಿ ಗಾಜಿನ ಕೋಣೆಯೇ ಎಂದು ನಗಬೇಡಿ. ನಗುವವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ಮಾವ ಹತ್ತಿ ಮಿಲ್ಲಿನಲ್ಲಿ ತೂಕದ ಗುಮಾಸ್ತ. ಮಿಲ್ಲಿನ ಹಳೇ ದೊರೆಯ ಬಂಗಲೆ ಕೆಡವಿದಾಗ ಅದರ ಕಿಟಕಿಗಳನ್ನೆಲ್ಲ ಹರಾಜಿನಲ್ಲಿ ಹಿಡಿದು, ಎರಡು ಬಂಡಿಯಲ್ಲಿ ಹೇರಿಕೊಂಡು ಬಂದ. ಹಿತ್ತಲಲ್ಲಿ ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ. ಮೂರು ಕಡೆ ಗಾಜು, ಮೇಲೂ ಗಾಜು.

ಕಾರಣ ನಮ್ಮ ಅತ್ತೆ. ಜ್ವರ ಬಂದು ಅವಳ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಕಿಟಕಿ ಎಲ್ಲಿಯದು? ಮೇಲೊಂದು ಬೆಳಕಿಂಡಿ, ಅಷ್ಟೆ. ಆ ಕತ್ತಲಲ್ಲಿ ಒಂದು ವರ್ಷ ಮಲಗಿದ್ದವಳನ್ನು ಮಾವ ಮಂಚದ ಸಮೇತ ಬೆಳಕಿಗೆ ತಂದ. ಬೇಸಿಗೆಯಲ್ಲಿ ಬೇಯುವುದಿಲ್ಲವೇ ಎಂದು ಕೇಳುವಿರಿ. ಬೇವಿನ ಮರದ ನೆರಳಿತ್ತು, ಗಾಜಿನ ಮೇಲೆ ಒದ್ದೆ ಗೋಣಿ ಹಾಕುತ್ತಿದ್ದ. ಗೋಣಿ ತೆಗೆದ ಹೊತ್ತಿನಲ್ಲಿ ಬೇವಿನೆಲೆಯ ನೆರಳು ಅತ್ತೆಯ ದುಪ್ಪಟಿಯ ಮೇಲೆ ಸಣ್ಣ ಮೀನುಗಳ ಹಾಗೆ ಓಡಾಡುತ್ತಿತ್ತು. ಇಂಥ ಮಾತು ನನಗೆ ಬರುವುದಿಲ್ಲ, ಅತ್ತೆಯೇ ಹೇಳಿದ್ದು. ಮಧ್ಯಾಹ್ನ ಮೇಲ್ ಗಾಡಿ ಹೋದರೆ ಗಾಜೆಲ್ಲ ಸಣ್ಣಗೆ ನಡುಗುತ್ತಿತ್ತು. ಆಗ ಕೋಣೆಯೇ ಹೊರಟ ಹಾಗೆ ಅನಿಸುತ್ತದೆ ಅನ್ನುತ್ತಿದ್ದಳು.

ಎಲ್ಲ ಸರಿ, ಸಂದು ಸೋರುತ್ತಿತ್ತು. ಸರಿಯಾಗಿ ಮಂಚದ ಮೇಲೆ. ಎರಡನೇ ವರ್ಷ ಅತ್ತೆ ನನ್ನನ್ನು ಕರೆದು ಹೇಳಿದಳು: "ನೋಡಪಾ, ಈ ಮಳಿಗಾಲಕ್ಕೂ ಸೋರಿದ್ರ ನಾ ಒಳಗ ಹೋಗಿ ಮಲಗಾಕಿ. ಮೋಡ ಆದ್ರ ಸಾಕು, ನಿಮ್ಮ ಮಾವ ತೂಕದ ಕಲ್ಲು ಅಲ್ಲೇ ಬಿಟ್ಟು ಮಿಲ್ಲಿಂದ ಓಡಿ ಬರತಾರ. ಇದ್ದ ಕೆಲಸ ಹೋದ್ರ ಏನ್ ತಿನ್ನೂದು?"

ಒಳಗೆ ಎಂದರೆ ಮತ್ತೆ ಆ ಕತ್ತಲೆ. ಅದಕ್ಕೇ ಮಾವನಿಗೆ ಅಷ್ಟು ಅವಸರ.

ಅವನ ಮೊದಲ ಉಪಾಯ ಕೇಳಿ. ಮಳೆಗೆ ಮುಂಚೆ ಎಲ್ಲರೂ ಮಾಳಿಗೆಗೆ ಚೌಳು ಮಣ್ಣು ಹಾಕುತ್ತಾರೆ. ಅದರಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಮಾವ ಹೊಲದ ಎರೆಮಣ್ಣು ತಂದ. ಬಿಗಿ ಬರಲಿ ಎಂದು ಹತ್ತಿ ಕಲಸಿದ. ಆದವಾನಿಯವರಿಗೆ ಹತ್ತಿಯಿಂದ ಆಗದ ಕೆಲಸ ಇದೆಯೇ? ಆದರೆ ಮಹಾರಾಯ ಕಲಸಿದ್ದು ಬೀಜ ಬಿಡಿಸದ ಹತ್ತಿ. ಮುಂಗಾರಿಗೆ ಮೊದಲು ಒಂದು ಹನಿ ಬಿತ್ತು ನೋಡಿ, ಸಂದಿನುದ್ದಕ್ಕೂ ಸಾಲು ಹಿಡಿದು ಸಸಿ ಎದ್ದವು. ಮಾವ ಕೀಳಲು ಮನಸ್ಸಿಲ್ಲದೆ ನೋಡುತ್ತಾ ನಿಂತ.

ಕಿತ್ತದ್ದು ಪಕ್ಕದ ಮನೆಯ ಆಡು. ಮಿಲ್ಲಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅತ್ತೆ ಮೆಲ್ಲಗೆ ಕರೆದಳು: "ಏನ್ರಿ, ಮ್ಯಾಲ ಯಾರೋ ಬಂದಾರ. ನಾಕು ಕಾಲು ಅದಾವ."

ನೋಡಿದರೆ ಗಾಜಿನ ಮೇಲೆ ಆಡಿನ ಹೊಟ್ಟೆ, ಅದರ ಹಿಂದೆ ಆಕಾಶ.

"ಕೂಗಬ್ಯಾಡ್ರಿ ಯಾರೂ," ಎಂದ ಮಾವ. "ಬೆದರಿ ಜಿಗಿದ್ರ ಗಾಜು ಹೋತು."

ಆಡಿನ ಊಟ ಮುಗಿಯುವ ತನಕ ಮಾವ, ಅತ್ತೆ, ನಾನು ಮೂವರೂ ಪಿಸುಮಾತಿನಲ್ಲೇ ಇದ್ದೆವು. ಅದು ಬಲು ನಿಧಾನವಾಗಿ ಉಣ್ಣುವ ಆಡು.

ಸಸಿಯ ಬೇರಿನ ಜೊತೆ ಮಣ್ಣೂ ಕಿತ್ತು ಬಂದಿತ್ತು. ಎರಡನೇ ಉಪಾಯ ತಗಡು. ಸೀಮೆಎಣ್ಣೆ ಡಬ್ಬಿ ಬಿಚ್ಚಿಸಿ, ಒಂದು ಅಂಚು ಮನೆಗೆ, ಇನ್ನೊಂದು ಅಂಚು ಕೋಣೆಯ ಮರಕ್ಕೆ ಮೊಳೆ ಹೊಡೆದ. "ಮಜಬೂತಾತು ನೋಡಲೇ ಅಳಿಯಾ," ಎಂದ. ಎಂಟು ದಿನ ಬಿಸಿಲು ಕಾಯಿತು. ಒಂಬತ್ತನೇ ದಿನ ತಗಡು ನಡುವೆ ಹರಿಯಿತು. ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು.

ಆಮೇಲೆ ನನ್ನನ್ನು ಕೇಳಿದ. ಗಾರೆ ಕೆಲಸ ಮಾಡುವ ಅಳಿಯ ಮನೆಯಲ್ಲೇ ಇರುವಾಗ ಮೊದಲೇ ಕೇಳಬೇಕಿತ್ತು. ಆದರೆ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನನ್ನು ಯಾರು ಕೇಳುತ್ತಾರೆ?

"ಮಾವ, ಮನಿ ಕಲ್ಲಿನ ಮ್ಯಾಲ ಕುಂತೈತಿ. ನಿನ್ನ ಕ್ವಾಣಿ ಎರಿ ಮ್ಯಾಲ ನಿಂತೈತಿ. ಎರಿ ಮಳಿಗೆ ಉಬ್ಬತೈತಿ, ಬಿಸಿಲಿಗೆ ಬಿರಿತೈತಿ. ಕ್ವಾಣಿ ಅಲ್ಲಾಡೂದ ಅಲ್ಲಾಡೂದ. ಎರಡೂ ಕಟ್ಟಿ ಹಾಕಿದ್ರ ಹರೀತೈತಿ."

"ಮತ್ತ ಹಂಗ ಬಿಟ್ಟುಬಿಡ್ಲೇನು?"

"ತಗಡು ಗ್ವಾಡಿನ ಅಷ್ಟ ಹಿಡೀಲಿ. ಈ ಕಡಿ ಗಾಜಿನ ಮ್ಯಾಲ ಸುಮ್ಮ ಬಿದ್ದಿರ್ಲಿ. ಮೊಳಿ ಬ್ಯಾಡ."

"ಮೊಳಿ ಇಲ್ದ? ಗಾಳಿಗೆ ಹಾರಿ ಎಮ್ಮಿಗನೂರಿಗೆ ಹೊಕ್ಕೈತಿ."

"ಅಂಚು ಮಡಚತೀನಿ, ಭಾರ ಆಗತೈತಿ. ಮಾತು ಸಾಕು, ಸುಣ್ಣ ಕಲಸು."

ಮಂಚದಿಂದ ಅತ್ತೆ, "ಅವಗ ಕೆಲಸ ಮಾಡಾಕ ಬಿಡ್ರಿ," ಎಂದಳು. ಬಿಟ್ಟ. ಸಂದಿಗಿಂತ ನಾಲ್ಕು ಬೆರಳು ಮೇಲೆ ಗೋಡೆಯಲ್ಲಿ ಉದ್ದಕ್ಕೂ ಸಣ್ಣ ತೋಡು ಕೊರೆದು, ತಗಡಿನ ಅಂಚು ತೂರಿಸಿ ಗಾರೆ ತುಂಬಿದೆ. ಇನ್ನೊಂದು ಅಂಚು ಗಾಜಿನ ಮೇಲೆ ಒಂದು ಗೇಣು ಇಳಿಬಿಟ್ಟೆ. ಗಾರೆಗೆ ಬೆಲ್ಲದ ನೀರು ಹಾಕುವುದುಂಟು. ಮಾವ ನಾನು ಹೇಳಿದ್ದಕ್ಕೆ ಮೂರರಷ್ಟು ಸುರಿದಿದ್ದ. ಎರಡು ದಿನ ಇರುವೆಗಳೇ ಸಂದನ್ನು ಕಾದವು.

ಮುಂಗಾರಿನ ಮಿರಗದ ಮಳೆ ಒಂದು ಮಧ್ಯಾಹ್ನ ಬಂತು. ನನ್ನ ಕೆಲಸ ನೋಡಲು ನಾನು ಓಡಿ ಹೋದೆ. ಗಾಜಿನ ಮೇಲೆ ನೀರು ಹರಿಯುತ್ತಿತ್ತು. ಬೇವಿನ ಮರ, ಮೋಡ ಎಲ್ಲ ಕರಗಿ ಅಲುಗುತ್ತಿದ್ದವು. ಅತ್ತೆ ಹೊಳೆಯ ತಳದಲ್ಲಿ ಮಲಗಿದವಳಂತೆ ಕಣ್ಣು ತೆರೆದು ನೋಡುತ್ತಿದ್ದಳು. ಅಷ್ಟರಲ್ಲಿ ಮಿಲ್ಲಿನಿಂದ ಮಾವ ನೆನೆದು ಬಂದ. ಸಂದು ನೋಡಿದ. ಸಂದಿನ ಕೆಳಗಿನ ಚೌಕಟ್ಟಿನ ಮರವನ್ನು ಕೈಯಿಂದ ಸವರಿದ. ಒಣಗಿತ್ತು.

ಖುಷಿಪಡಬೇಕಲ್ಲವೇ? ಅವನ ಮುಖ ಇಳಿದುಹೋಯಿತು.

ನಮ್ಮಲ್ಲಿ ಹಗಲು ಹೊತ್ತು ಗಂಡ ಹೆಂಡತಿಯ ಮಂಚದ ಹತ್ತಿರ ಕೂರುವುದಿಲ್ಲ. ನೋಡಿದವರು ಏನಂದಾರು? ಸೋರುವಾಗ ಮಾತ್ರ ಮಾವನಿಗೆ ಅಲ್ಲಿ ಕೆಲಸವಿರುತ್ತಿತ್ತು. ಮಳೆ ನಿಲ್ಲುವ ತನಕ ಪಾತ್ರೆ ಹಿಡಿದು ಅವಳ ಪಕ್ಕದಲ್ಲೇ ಇರುತ್ತಿದ್ದ. ನನಗೆ ಅದು ಹೊಳೆದದ್ದು ಆಗಲೇ.

ಮಾವ ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ ಹೊಂಟ್ರಿ?" ಎಂದಳು ಅತ್ತೆ.

"ಸೋರವಲ್ದಲ್ಲ. ಇಲ್ಲಿ ನನಗೇನ್ ಕೆಲಸ?"

"ಕೆಲಸ ಇಲ್ದನೂ ಕುಂದರಬಹುದು. ಕುಂದರ್ರಿ."

ಮಾವ ನನ್ನ ಮುಖ ನೋಡಿದ. "ತಗಡು ಹೆಂಗೈತಿ ನೋಡಿ ಬರತೀನಿ," ಎಂದು ನಾನು ಆ ಮಳೆಯಲ್ಲೇ ಮಾಳಿಗೆ ಹತ್ತಿದೆ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಗಾಜಿಗೆ ಬೆನ್ನು ಮಾಡಿ ಕೂತೆ, ಮಳೆ ನಿಲ್ಲುವ ತನಕ.