ಹುಲ್ಲುಹಾಸಿನಲ್ಲಿ ಹೂತ ಆರು ಪೆನ್ನಿ

“ಈ ಚಳಿಗಾಲ ಮುಗಿಯೋದ್ರೊಳಗೆ ಒಬ್ಬ ರೋಮನ್ ಚಕ್ರವರ್ತೀನಾದ್ರೂ ನೆಲದಿಂದ ಎಬ್ಬಿಸದಿದ್ರೆ ನನ್ನ ಹೆಸರು ಕ್ಲೈವ್ ಲಾರ್ಟರ್ ಅಲ್ಲ!”

ಬೆಳಗಿನ ಚಹಾದ ಮುಂದೆ ಹೀಗೆ ಶಪಥ ಮಾಡಿದವನು ಇಂಗ್ಲೆಂಡಿನ ನಾರ್ಫಕ್‌ನ ಹಳ್ಳಿಗಳಲ್ಲಿ ಜೀವಮಾನವಿಡೀ ಬಸ್ಸು ಓಡಿಸಿ, ಸೊಂಟ ಸವೆಸಿಕೊಂಡು ನಿವೃತ್ತನಾದ ಮನುಷ್ಯ. ಕೈಯಲ್ಲಿ ನೆಲದಡಿಯ ಹಳೇ ನಾಣ್ಯ ಹುಡುಕುವ ಹೊಸ ಮೆಟಲ್ ಡಿಟೆಕ್ಟರ್. ಪಕ್ಕದ ರೈತ ತನ್ನ ಹೊಲ ಅಗೆಯಲು ಅನುಮತಿಯನ್ನೂ ಕೊಟ್ಟಾಗಿತ್ತು.

“ಚಕ್ರವರ್ತಿ ಸಿಕ್ರೆ ಹಿತ್ತಿಲ ಬಾಗಿಲಿಂದ ಕರ್ಕೊಂಡು ಬಾ. ಮುಂದಿನ ಬಾಗಿಲು ಈಗಷ್ಟೇ ಒರೆಸಿದೀನಿ” ಎಂದಳು ಹೆಂಡತಿ ಮ್ಯಾವಿಸ್.

ಹೊಲಕ್ಕೆ ಇಳಿಯುವ ಮೊದಲು ಮನೆಯ ಹಿತ್ತಿಲಲ್ಲೇ ಒಂದು ನಾಣ್ಯ ಹೂತು, ಯಂತ್ರ ಅದಕ್ಕೆ ಹೇಗೆ ಕೂಗುತ್ತದೆಂದು ಕಿವಿಗೆ ಅಭ್ಯಾಸ ಮಾಡಿಕೊಳ್ಳಬೇಕು. ಇದು ಈ ಹವ್ಯಾಸದವರೆಲ್ಲರ ಪದ್ಧತಿ. ಹಳೆಯ ಬೆಳ್ಳಿ ನಾಣ್ಯವೇ ಆದರೆ ಉತ್ತಮ. ಮನೆಯಲ್ಲಿದ್ದದ್ದು ಒಂದೇ ಒಂದು: ಅಡುಗೆಮನೆಯ ಡ್ರಾಯರಿನ ಬೆಂಕಿಪೊಟ್ಟಣದೊಳಗೆ ಮಲಗಿದ್ದ, ಬೋಳುತಲೆಯ ರಾಜನ ಚಿತ್ರವಿದ್ದ ಆರು ಪೆನ್ನಿ. ಪ್ರತಿ ವರ್ಷ ಒಣದ್ರಾಕ್ಷಿಯ ಕ್ರಿಸ್‌ಮಸ್ ಪುಡಿಂಗಿನೊಳಗೆ ಬೇಯುವ ನಾಣ್ಯ ಅದು. ಯಾರ ತಟ್ಟೆಗೆ ಬಂತೋ ಅವರಿಗೆ ವರ್ಷವಿಡೀ ಅದೃಷ್ಟ. ಮ್ಯಾವಿಸ್‌ಳ ಮುತ್ತಜ್ಜಿಯಿಂದ ಇಳಿದು ಬಂದದ್ದು. ಅವಳಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಮಗಳ ಅಂಗೈಗಿಟ್ಟು ಬೆರಳು ಮಡಚಿದ್ದಳು.

ಅರ್ಧ ಗಂಟೆಯ ಮಾತು ತಾನೆ, ಎಂದುಕೊಂಡ ಕ್ಲೈವ್. ಒಂದು ತುಂಡು ಹುಲ್ಲನ್ನು ಮುಚ್ಚಳದಂತೆ ಎತ್ತಿ, ಗೇಣುದ್ದ ಆಳದಲ್ಲಿ ನಾಣ್ಯವಿಟ್ಟು, ಹುಲ್ಲು ಮುಚ್ಚಿ, ಗುರುತಿಗೆ ಬಟ್ಟೆಯ ಕ್ಲಿಪ್ಪೊಂದನ್ನು ಸಿಕ್ಕಿಸಿದ. ಯಂತ್ರ ಆಡಿಸಿದ. ಅದು ತುಟಿ ಪಿಟಕ್ಕೆನ್ನಲಿಲ್ಲ! ಕೈಪಿಡಿ ಓದಲು ಒಳಗೆ ಹೋದ. ಓದುತ್ತ ಒಂದು ಸಣ್ಣ ನಿದ್ದೆಯೂ ಆಯಿತು. ಹೊರಗೆ ಬಂದರೆ ಕ್ಲಿಪ್ ಮಾಯ. ಮ್ಯಾವಿಸ್ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು.

“ಹುಲ್ಲಲ್ಲಿ ಒಂದು ಕ್ಲಿಪ್ ಇತ್ತಲ್ಲ, ಮ್ಯಾವಿಸ್?”

“ಇತ್ತು. ನಿನ್ನ ಚಡ್ಡಿಗೆ ಹಾಕಿದೀನಿ. ಯಾಕೆ, ಅದೂ ರೋಮನ್ನರದ್ದಾ?”

“ಎಲ್ಲಿ ಇತ್ತು ಅಂತ ನೆನಪಿದ್ಯಾ?”

“ಹುಲ್ಲಲ್ಲಿ!”

ಅಲ್ಲಿಂದ ಶುರುವಾಯಿತು ಮಹಾ ಉತ್ಖನನ. ಮೊದಲು ಮೂಕವಾಗಿದ್ದ ಯಂತ್ರ, ಕೈಪಿಡಿಯಂತೆ ಸರಿಹೊಂದಿಸಿದ ಮೇಲೆ, ಈಗ ಹೆಜ್ಜೆಗೊಮ್ಮೆ ಕಿರುಚತೊಡಗಿತು. ಅದು ಕಿರುಚುತ್ತಿರುವುದು ತನ್ನ ಬೂಟಿನ ತುದಿಯ ಉಕ್ಕಿಗೆ ಎಂದು ಕ್ಲೈವ್‌ಗೆ ಹೊಳೆಯುವಷ್ಟರಲ್ಲಿ ಅರ್ಧ ಹಿತ್ತಿಲು ಗುಂಡಿಯಾಗಿತ್ತು. ರಬ್ಬರ್ ಬೂಟು ಹಾಕಿಕೊಂಡು ಉಳಿದರ್ಧವನ್ನೂ ಅಗೆದ. ಸಿಕ್ಕಿದ್ದೇನು? ಮೊಳೆಗಳು, ಬಿಯರ್ ಡಬ್ಬಿಯ ಮುಚ್ಚಳಗಳು, ತಲೆಯಿಲ್ಲದ ಒಬ್ಬ ಸೀಸದ ಆಟಿಕೆ ಸೈನಿಕ. ಚಕ್ರವರ್ತಿ ಹೋಗಲಿ, ಆರು ಪೆನ್ನಿಯೂ ಇಲ್ಲ.

ಭಾನುವಾರ ಬಂದೇ ಬಿಟ್ಟಿತು. ಹಬ್ಬಕ್ಕೆ ತಿಂಗಳ ಮೊದಲೇ ಪುಡಿಂಗಿನ ಹಿಟ್ಟು ತಿರುವುವ ಭಾನುವಾರ. ಮ್ಯಾವಿಸ್‌ಳ ಅಕ್ಕ ಎನಿಡ್ ಏಪ್ರನ್ ಸಮೇತ ಹಾಜರಾಗಿದ್ದಳು. ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಏನನ್ನೋ ಬೇಡಿಕೊಂಡು, ಮರದ ಸೌಟಿನಿಂದ ತಿರುವಿದ್ದಾಯಿತು. ಕ್ಲೈವ್ ಏನು ಬೇಡಿಕೊಂಡನೆಂದು ಬೇರೆ ಹೇಳಬೇಕೆ?

“ಆ ಬೆಂಕಿಪೊಟ್ಟಣ ತಗೊಂಡ್ಬಾ, ಕ್ಲೈವ್” ಎಂದಳು ಮ್ಯಾವಿಸ್. ಅವನ ಮುಖವನ್ನೇ ನೋಡಿ, “ಏನಾದ್ರೂ ಹೇಳೋದಿದ್ಯಾ?” ಎಂದೂ ಕೇಳಿದಳು.

“ಏನಿಲ್ಲ ಕಣೇ. ನಾನೇ ಹಾಕ್ತೀನಿ. ಇಬ್ರೂ ಕಣ್ಮುಚ್ಕೊಳ್ಳಿ.”

ಪ್ಯಾಂಟಿನ ಜೇಬಿನಿಂದ ಈಗಿನ ಕಾಲದ ಐದು ಪೆನ್ನಿಯೊಂದನ್ನು ಹಿಟ್ಟಿನೊಳಗೆ ಬೀಳಿಸಿದ. ಗಾತ್ರ ಹೆಚ್ಚುಕಮ್ಮಿ ಅಷ್ಟೇ. ಕ್ರಿಸ್‌ಮಸ್‌ಗೆ ಮೊದಲು ಅಸಲಿ ಸಿಕ್ಕೇ ಸಿಗುತ್ತದೆ, ಬಡಿಸುವಾಗ ಹೇಗಾದರೂ ಬದಲಾಯಿಸಿದರಾಯಿತು!

ಸಿಗಲಿಲ್ಲ. ಮಂಜಿನಲ್ಲಿ ಅಗೆದ, ಮಳೆಯಲ್ಲಿ ಅಗೆದ, ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಅಗೆದ. “ಹೊಲಕ್ಕೆ ಯಾವಾಗ ಬರ್ತೀಯ?” ಎಂದು ರೈತ ಕೇಳಿದರೆ, “ಇಲ್ಲೇ ಕೈ ತುಂಬಾ ಕೆಲಸ ಇದೆ ಮಾರಾಯ” ಎಂದ. ಮ್ಯಾವಿಸ್ ಆಗಾಗ ಬಾಗಿಲಿಗೆ ಬಂದು ಚಹಾ ಕೊಟ್ಟು, ಸ್ವಲ್ಪ ಹೊತ್ತು ನಿಂತು, ಲೋಟ ತೆಗೆದುಕೊಂಡು ಹೋಗುತ್ತಿದ್ದಳು. ಪ್ರತಿ ಸಲವೂ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದ. ಅವಳಮ್ಮ ಮಡಚಿದ ಆ ಬೆರಳುಗಳು ಕಣ್ಣ ಮುಂದೆ ಬರುತ್ತಲೇ ಬಾಯಿಗೆ ಚಹಾ ಸುರಿದುಕೊಳ್ಳುತ್ತಿದ್ದ. ಪಾಪ, ದಣಿದು ಹೋಗಿದ್ದ. ಅಗೆತಕ್ಕಿಂತ ಮುಚ್ಚಿಡುವುದೇ ಅವನನ್ನು ಹೆಚ್ಚು ಸುಸ್ತು ಮಾಡಿತ್ತು.

ಕ್ರಿಸ್‌ಮಸ್ ಮಧ್ಯಾಹ್ನ ಪುಡಿಂಗ್ ಮೇಜಿಗೆ ಬಂತು. ಪದ್ಧತಿಯಂತೆ ಅದರ ಮೇಲೆ ಬ್ರಾಂದಿ ಸುರಿದು ಬೆಂಕಿ ಹಚ್ಚಿದರು. ಬಡಿಸುವ ಚಮಚವನ್ನು ಮ್ಯಾವಿಸ್ ಕೈಬಿಡಲೇ ಇಲ್ಲ. ಎರಡನೇ ತುತ್ತಿಗೇ ಎನಿಡ್ ಕೂಗಿದಳು.

“ಸಿಕ್ತು, ನಂಗೇ ಸಿಕ್ತು! ಅಯ್ಯೋ, ಇದೇನೇ ಮ್ಯಾವಿಸ್, ಇದ್ರಲ್ಲಿ ರಾಣಿ ಇದಾಳೆ! ಮುತ್ತಜ್ಜೀದ್ರಲ್ಲಿ ಬೋಳುತಲೆ ರಾಜ ಇದ್ನಲ್ವಾ?”

ಮಾತಾಡಬೇಕಾಗಿ ಬಂದರೆ ಎಂಬ ಹೆದರಿಕೆಗೆ ಕ್ಲೈವ್ ದೊಡ್ಡದೊಂದು ತುತ್ತನ್ನು ಬಾಯಿಗೆ ತುರುಕಿ ಬಲವಾಗಿ ಕಚ್ಚಿದ.

ಕಟಕ್!

ಅಂಗೈಗೆ ಉಗುಳಿದರೆ ಅರ್ಧ ದವಡೆಹಲ್ಲು. ಅದರ ಪಕ್ಕದಲ್ಲಿ, ದ್ರಾಕ್ಷಿ ಮೆತ್ತಿಕೊಂಡ ಬೋಳುತಲೆಯ ರಾಜ!

“ಇದು... ಇದು ಹೇಗೆ...” ಕ್ಲೈವ್ ತೊದಲಿದ.

“ಕ್ಲಿಪ್ ಕಿತ್ತಾಗ ಹುಲ್ಲೂ ಮೇಲೆ ಬಂತು. ಅಡಿಯಲ್ಲಿದ್ದ ನಾಣ್ಯಾನ ಚಮಚದಲ್ಲಿ ಎತ್ಕೊಂಡೆ” ಎಂದಳು ಮ್ಯಾವಿಸ್. “ನೀನು ನಿನ್ನದನ್ನ ಹಾಕಿದ್ಮೇಲೆ, ಬೇಯಿಸೋಕೆ ಬಟ್ಟಲಿಗೆ ಬಟ್ಟೆ ಕಟ್ಟೋ ಮುಂಚೆ ನಾನು ನನ್ನದನ್ನ ಹಾಕಿದೆ.”

“ಅವತ್ತೇ ಹೇಳಬಾರದಿತ್ತಾ? ನನ್ನ ಸೊಂಟ ಬಿದ್ದುಹೋಯ್ತಲ್ಲೇ!”

“ನೀನೇ ಹೇಳ್ತೀಯ ಅಂತ ದಿನಾ ಚಹಾ ಮಾಡಿ ಮಾಡಿ ನಂಗೂ ಸಾಕಾಯ್ತು ಕಣೋ.” ನಾಣ್ಯವನ್ನು ಅವನ ಅಂಗೈಯಿಂದ ಎತ್ತಿ, ಒರೆಸಿ, ಬೆಂಕಿಪೊಟ್ಟಣದೊಳಗೆ ಮಲಗಿಸಿ, ಪೊಟ್ಟಣವನ್ನು ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡಳು. “ಹೊಲಕ್ಕೆ ಹೋಗೋವಾಗ ಆ ಯಂತ್ರ ಇಲ್ಲೇ ಬಿಟ್ಟು ಹೋಗು. ನಿನ್ನ ಹಲ್ಲೇ ಅದಕ್ಕಿಂತ ಚೆನ್ನಾಗಿ ಹುಡುಕುತ್ತೆ.”

ಎನಿಡ್‌ಗೆ ಮಾತ್ರ ಲೆಕ್ಕ ಬಗೆಹರಿಯಲಿಲ್ಲ. “ಅಲ್ಲ, ಎರಡು ನಾಣ್ಯ ಬಂತಲ್ಲ, ಈ ವರ್ಷದ ಅದೃಷ್ಟ ಯಾರದ್ದು?”

ಮ್ಯಾವಿಸ್ ಗಂಡನ ತಟ್ಟೆಗೆ ಇನ್ನೊಂದು ಚಮಚ ಪುಡಿಂಗ್ ಬಡಿಸಿದಳು.

“ಇವನದ್ದೇ. ಇನ್ನೂ ಈ ಮನೇಲಿ ಊಟ ಸಿಗ್ತಿದೆಯಲ್ಲ!”