ಮಾವನ ಮೂರನೇ ಪ್ರಶ್ನೆ

ಸರ್ಕಾರ ನಮ್ಮ ಸೋದರಮಾವನನ್ನು ನಿವೃತ್ತಿಗೊಳಿಸಿ ವರ್ಷಗಳಾದವು. ನಮ್ಮ ಸೋದರಮಾವ ಸರ್ಕಾರವನ್ನು ಇನ್ನೂ ಬಿಟ್ಟಿಲ್ಲ!

ಸರ್ಕಾರಿ ಯೋಜನೆಗಳು ಜನರಿಗೆ ಮುಟ್ಟಿದವೋ ಇಲ್ಲವೋ ಎಂದು ಅಳೆಯುವ ಕಚೇರಿಯಲ್ಲಿ ತಲೆಗೂದಲನ್ನೆಲ್ಲ ಕಳೆದುಕೊಂಡವರು ಅವರು. ಆಗ ಕುರ್ಚಿ ಬಿಟ್ಟು ಏಳುತ್ತಿದ್ದುದು ಊಟಕ್ಕೆ ಮಾತ್ರ. ಫೈಲು ಬಂದರೆ ‘ಉದ್ದೇಶ ಈಡೇರಿದೆ’ ಎಂದು ಬರೆದು ಕಳಿಸಿದರಾಯಿತು. ಪಿಂಚಣಿ ಶುರುವಾದ ಮೇಲೆ ಅದೇನು ಜ್ಞಾನೋದಯವಾಯಿತೋ, ಗುತ್ತಲು ಬಡಾವಣೆಯ ತಮ್ಮ ಮನೆಯಿಂದ ತಾವಾಗಿಯೇ ಸ್ಥಳ ಪರಿಶೀಲನೆಗೆ ಹೊರಡತೊಡಗಿದರು. ಇಲಾಖಾ ವಾಹನ ನನ್ನ ಸ್ಕೂಟರು. ಚಾಲಕ ನಾನು. ಪ್ರಯಾಣ ಭತ್ಯೆ ಮದ್ದೂರಿನಲ್ಲಿ ಒಂದು ವಡೆ. ಅದರಲ್ಲೂ ಅರ್ಧವನ್ನು ‘ಮಾದರಿ ಪರೀಕ್ಷೆ’ಗೆಂದು ಅವರೇ ತಿನ್ನುತ್ತಿದ್ದರು.

ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ಯೋಜನೆಗೂ ಮೂರೇ ಪ್ರಶ್ನೆ: ಇದೆಯೇ? ನಡೆಯುತ್ತಿದೆಯೇ? ಲಾಭ ಯಾರಿಗೆ?

ಹಲಗೂರು ಕಡೆಯ ಒಂದು ಹಳ್ಳಿಯಲ್ಲಿ ಹೊಸ ಬಸ್ ತಂಗುದಾಣ. ಮಾವ ಒಳಗೆ ಹೋಗಿ ಕೂತರು. ಮೂರು ಬಸ್ಸು ಬಂದವು. ಮೂರೂ ನೂರು ಹೆಜ್ಜೆ ಆಚೆಯ ಹುಣಸೆಮರದ ಕೆಳಗೆ ನಿಂತು ಹೋದವು. ಅಲ್ಲಿದ್ದ ಹೆಂಗಸೊಬ್ಬಳು ಕೂಗಿದಳು: “ಯಜಮಾನ್ರೇ, ಬಸ್ಸಿಗೆ ಓಗೋರಾದ್ರೆ ಇಲ್ಲಿಗೆ ಬನ್ನಿ. ಅದು ಮೇಕೆಗಳ ಜಾಗ!”

ಮಾವ ಪಕ್ಕಕ್ಕೆ ತಿರುಗಿದರು. ನಾಲ್ಕು ಮೇಕೆಗಳು ಅವರನ್ನು ಒತ್ತುವರಿದಾರನನ್ನು ನೋಡುವಂತೆ ನೋಡುತ್ತಿದ್ದವು. ಎದ್ದು ಬಂದು, ಅತ್ಯಂತ ಗಂಭೀರವಾಗಿ ಬರೆದರು: ‘ಇದೆ. ನಡೆಯುತ್ತಿದೆ. ಲಾಭ: ನಾಲ್ಕು ಮೇಕೆಗಳಿಗೆ.’

ಇನ್ನೊಮ್ಮೆ ಕೊಪ್ಪದ ಕಡೆಯ ಒಂದು ಕುಡಿಯುವ ನೀರಿನ ಘಟಕಕ್ಕೆ ಮನೆಯಿಂದಲೇ ಖಾಲಿ ಕ್ಯಾನು ಹೊತ್ತು ಹೋದೆವು. ಬಾಗಿಲಿಗೆ ಬೀಗ.

“ಬೀಗದ ಕೈ ಯಾರ್ತಾವ ಅದೆ?” ಎಂದು ದಾರಿಯಲ್ಲಿ ಹೋಗುತ್ತಿದ್ದ ಹಿರಿಯರನ್ನು ಮಾವ ಕೇಳಿದರು.

“ಬೀಗ ಆಕೋರು ಮಂಜೂರಾಗವ್ರೆ, ತಗಿಯೋರು ಇನ್ನೂ ಆಗಿಲ್ಲ ಕಣಪ್ಪ!”

‘ಇದೆ. ಇಲ್ಲ. ಲಾಭ: ಬೀಗ ಮಾರಿದವನಿಗೆ.’

ಇತ್ತ ಮನೆಯಲ್ಲಿ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೂ ಕಟ್ಟಲು ಕೂತರೆ ದಾರ ಒಂದು ಕಡೆ, ಮಲ್ಲಿಗೆ ಇನ್ನೊಂದು ಕಡೆ. ಮಳವಳ್ಳಿಯಲ್ಲಿ ಸರ್ಕಾರದ ಉಚಿತ ಕಣ್ಣಿನ ಆಪರೇಷನ್ ನಡೆಯುತ್ತಿದೆ ಎಂದು ಕೇಳಿದ್ದೇ ತಡ, ಅತ್ತೆ ಸೀರೆ ಮಡಿಸಿ ಚೀಲಕ್ಕಿಟ್ಟರು. ಮಾವ ತಡೆದರು.

“ತಾಳು. ಮೊದ್ಲು ಮೌಲ್ಯಮಾಪನ ಆಗ್ಲಿ.”

“ನೀವು ಬರ್ದು ಮುಗ್ಸೋ ಒತ್ಗೆ ಅದ್ನ ಓದಕ್ಕೂ ನಂಗೆ ಕಣ್ಣಿರಾಕಿಲ್ಲ ಬುಡಿ!”

ಶುರುವಾಯಿತು ಮಳವಳ್ಳಿ ದಂಡಯಾತ್ರೆ. ಆಪರೇಷನ್ ಮುಗಿಸಿ ಬಂದವರನ್ನೆಲ್ಲ ಮಾವ ಆಸ್ಪತ್ರೆ ಗೇಟಿನಲ್ಲೇ ಅಡ್ಡಗಟ್ಟಿ ಬೆರಳು ಎತ್ತುತ್ತಿದ್ದರು: “ಎಷ್ಟು?” ಕಪ್ಪು ಕನ್ನಡಕದ ಮುದುಕಿಯೊಬ್ಬಳು ತಕ್ಷಣ ಹೇಳಿದಳು: “ಮೂರು. ಮೊದ್ಲು ಉಗುರು ಕತ್ರಿಸ್ಕೋ ಓಗಪ್ಪ, ಕೊಳೆ ಕಾಣ್ತದೆ!”

ಇದಕ್ಕಿಂತ ಪುರಾವೆ ಬೇಕೇ? ಬೇಕಂತೆ! ಮುಂದಿನ ವಾರ ಮತ್ತೆ, ಅದರ ಮುಂದಿನ ವಾರ ಮತ್ತೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅತ್ತೆ ಲೋಟವೆಂದು ತಿಳಿದು ಕುದಿಯುವ ಕಾಫಿಯನ್ನು ತಮ್ಮ ಕೈಮೇಲೇ ಬಗ್ಗಿಸಿಕೊಂಡರು.

ಅವತ್ತು ಮಳವಳ್ಳಿ ಗೇಟಿನಲ್ಲಿ ನನಗೆ ತಡೆಯಲಾಗಲಿಲ್ಲ. “ಇನ್ನೂ ಎಷ್ಟು ಜನಾನ ಕೇಳೀರಿ ಮಾವ? ಅತ್ತೆ ಕೈ ನೋಡುದ್ರಾ?”

ಮಾವ ಎತ್ತಿದ್ದ ಬೆರಳು ಇಳಿಸಿದರು. “ಮೂವತ್ತು ವರ್ಸ ನೋಡ್ದೆನೇ ‘ಈಡೇರಿದೆ’ ಅಂತ ಬರ್ದೋನು ಕಣ್ಲಾ ನಾನು. ಇದ್ಕೂ ನನ್ನಂತೋನೇ ಯಾವನಾದ್ರೂ ಬರ್ದಿದ್ರೆ? ಅವಳ ಕಣ್ಣು ಕಣ್ಲಾ ಅದು.”

ಹಾಗೆಂದವರು ನೋಟ್‌ಬುಕ್ಕು ಮಡಚಿ ಸ್ಕೂಟರು ಹತ್ತಿದರು. ಮಾರನೆಯ ದಿನವೇ ಅತ್ತೆಯನ್ನು ಸೇರಿಸಿದೆವು.

ಪಟ್ಟಿ ಬಿಚ್ಚುವ ದಿನ ಮಾವ ಎದುರಿಗೆ ನಿಂತು, ಅಭ್ಯಾಸಬಲದಿಂದ ಮೂರು ಬೆರಳು ಎತ್ತಿದರು. ಅತ್ತೆ ಕಣ್ಣು ಕಿರಿದು ಮಾಡಿ, ಬೆರಳನ್ನು ಬಿಟ್ಟು ಅವರ ಮುಖವನ್ನೇ ದಿಟ್ಟಿಸಿದರು.

“ಅಯ್ಯೋ, ಯಾಕ್ರೀ ಇಷ್ಟೊಂದು ಸೊರಗೋಗಿದ್ದೀರಿ?”

ಮಾವ ಗೋಡೆಯ ಕಡೆ ತಿರುಗಿ ನೋಟ್‌ಬುಕ್ಕು ತೆಗೆದು ಏನೋ ಗೀಚಿದರು. ವಾಪಸು ಬರುವಾಗ ಮದ್ದೂರಿನಲ್ಲಿ, ಅತ್ತೆಗೆ ಅವರು ಇಡೀ ವಡೆ ಕೊಡಿಸುತ್ತಿದ್ದ ವೇಳೆಯಲ್ಲಿ, ನಾನು ಆ ಪುಟ ನೋಡಿದೆ.

‘ಇದೆ. ನಡೆಯುತ್ತಿದೆ. ಲಾಭ: ನನಗೆ.’